ಓಟಗಾರನೂ ಅವನ ಗಡಿಯಾರವೂ

ಓಟವನ್ನು ನಿತ್ಯದ ಅಭ್ಯಾಸವಾಗಿಟ್ಟುಕೊಂಡವರಲ್ಲಿ ಒಂದು ವಿಶೇಷವನ್ನು ವಾಚಕರು ಕಂಡಿರಬಹುದು. ಪಾದರಕ್ಷೆ ಸವೆದರೆ ಅವರು ಹೊಸದನ್ನು ಕೊಳ್ಳುವರು. ಉಡುಪು ಹಳತಾದರೆ ಬಿಡುವರು. ಆದರೆ ಹಲವು ವರ್ಷ ತಮ್ಮ ಮಣಿಕಟ್ಟಿನಲ್ಲಿದ್ದು ಜೊತೆಗೆ ಓಡಿದ ಹಳೆಯ ಗಡಿಯಾರವನ್ನು ಮಾತ್ರ, ಅದರ ಗಾಜಿನ ಮೇಲೆ ಗೀರು ಬಿದ್ದು ಪಟ್ಟಿ ಎರಡು ಮೂರು ಸಲ ಬದಲಾಗಿದ್ದಾಗ್ಯೂ, ಅಷ್ಟು ಸುಲಭವಾಗಿ ಬಿಡಲೊಲ್ಲರು. ಅದಕ್ಕಿಂತ ಎಷ್ಟೋ ಪಾಲು ನಿಖರವಾದ ಯಂತ್ರಗಳು ಈಗ ಅಂಗಡಿಗಳಲ್ಲಿ ದೊರೆಯುತ್ತಿರುವಾಗ ಈ ಹಟವೇಕೆ? ಇದು ಬರಿಯ ಮಮಕಾರವೆಂದು ನಗುವವರುಂಟು. ಆದರೆ ಓಡುವವನಿಗೂ ಹೊತ್ತನ್ನು ಅಳೆಯುವ ಉಪಕರಣಕ್ಕೂ ನಮ್ಮ ದೇಶದಲ್ಲಿದ್ದ ಸಂಬಂಧದ ಇತಿಹಾಸವನ್ನು ನೋಡಿದರೆ ಆ ನಗೆ ನಿಲ್ಲುವುದು. ಯಾಕೆಂದರೆ ಓಡುವವನ ಹೊತ್ತು ಬಹುಕಾಲದವರೆಗೆ ಓಡುವವನ ಕೈಯಲ್ಲಿರಲಿಲ್ಲ. ಅದು ಅವನನ್ನು ಓಡಿಸುವವರ ಕೈಯಲ್ಲಿತ್ತು. ಈ ಸಂಗತಿಯನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ನಮ್ಮ ಕರಾವಳಿಯ ದಾರಿಯನ್ನು ಮುಂದಿಟ್ಟುಕೊಂಡು ವಿವರಿಸುವುದೇ ಈ ಲೇಖನದ ಉದ್ದೇಶ.

ಓಟವನ್ನೇ ವೃತ್ತಿಯಾಗಿ ಉಳ್ಳವನು ನಮ್ಮಲ್ಲಿ ಅತಿ ಪ್ರಾಚೀನನು. ಅಮರಕೋಶದಲ್ಲಿ ಅವನಿಗೆ ಜಂಘಾಲ, ಜಾಂಘಿಕ, ಜಂಘಾಕರಿಕ ಎಂಬ ಹೆಸರುಗಳುಂಟು. ಕಾಲಿನ ಬಲವೇ ಬಂಡವಾಳವಾಗಿ ಉಳ್ಳವನೆಂಬುದು ಅವುಗಳ ಭಾವ. ಕೌಟಿಲ್ಯನು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ರಾಜಭೃತ್ಯರ ವೇತನವನ್ನು ಹೇಳುತ್ತ, ಮಧ್ಯಮ ವರ್ಗದ ದೂತನಿಗೆ ಯೋಜನವೊಂದಕ್ಕೆ 10 ಪಣಗಳೆಂದೂ, ಹತ್ತು ಯೋಜನಗಳ ಮೇಲೆ ನೂರರ ತನಕ ಅದರ ಇಮ್ಮಡಿಯೆಂದೂ ಗೊತ್ತುಮಾಡಿದ್ದಾನೆ. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ದೂತನ ಕೆಲಸಕ್ಕೆ ಅಳತೆಯು ದೂರವೇ ಹೊರತು ಹೊತ್ತಲ್ಲ. ಹೊತ್ತಿನ ಅಳತೆಯು ಅದೇ ಗ್ರಂಥದಲ್ಲಿ ಇಲ್ಲದೆ ಇಲ್ಲ. ನಾಳಿಕೆಯೆಂಬ ಕಾಲಮಾನವನ್ನೂ, ಅದನ್ನು ನೀರಿನ ಪಾತ್ರೆಯಿಂದ ತಿಳಿಯುವ ಬಗೆಯನ್ನೂ ಕೌಟಿಲ್ಯನು ವಿವರಿಸಿದ್ದಾನೆ. ಆದರೆ ಆ ನಾಳಿಕೆಗಳಿಂದ ವಿಭಾಗಿಸಲ್ಪಡುವುದು ಅರಸನ ಹಗಲಿರುಳುಗಳು. ಅರಸನಿಗೆ ಹೊತ್ತು, ಓಡುವವನಿಗೆ ದೂರ. ಈ ಹಂಚಿಕೆಯು ಮುಂದೆ ಸಾವಿರಾರು ವರ್ಷ ನಡೆದು ಬಂದಿತು.

ಓಟದ ಟಪ್ಪಾಲನ್ನು ಕಣ್ಣಾರೆ ಕಂಡು ಬರೆದವರಲ್ಲಿ ನಮ್ಮ ಜಿಲ್ಲೆಗೆ ಸಂಬಂಧಪಟ್ಟವನೊಬ್ಬನುಂಟು. ಮೊರಾಕೋ ದೇಶದ ಯಾತ್ರಿಕನಾದ ಇಬ್ನ್ ಬತೂತನು ಕ್ರಿ. ಶ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣು ಮಕ್ಕಳಿಗೆ 13 ಶಾಲೆಗಳೂ ಗಂಡು ಮಕ್ಕಳಿಗೆ 23 ಶಾಲೆಗಳೂ ಇದ್ದುದನ್ನು ಹೇಳಿದ್ದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಅದೇ ಯಾತ್ರಿಕನು ದಿಲ್ಲಿಯ ಸುಲ್ತಾನರ ರಾಜ್ಯದಲ್ಲಿದ್ದ ಕಾಲ್ನಡೆಯ ಟಪ್ಪಾಲನ್ನೂ ವರ್ಣಿಸಿದ್ದಾನೆ. ಒಂದು ಮೈಲಿಯನ್ನು ಮೂರು ಪಾಲು ಮಾಡಿ, ಪಾಲಿಗೊಂದು ಠಾಣೆಯಲ್ಲಿ ಓಟಗಾರರು ಸೊಂಟ ಕಟ್ಟಿ ಸಿದ್ಧರಾಗಿ ಕುಳಿತಿರುವರು. ಓಲೆ ತರುವವನ ಒಂದು ಕೈಯಲ್ಲಿ ಓಲೆ. ಮತ್ತೊಂದರಲ್ಲಿ ತುದಿಗೆ ತಾಮ್ರದ ಗಂಟೆಗಳನ್ನು ಕಟ್ಟಿದ ಎರಡು ಮೊಳದ ಕೋಲು. ಆ ಸಪ್ಪಳವು ಕಿವಿಗೆ ಬಿದ್ದೊಡನೆ ಮುಂದಿನವನು ಎದ್ದು ನಿಂತು, ಓಲೆಯನ್ನು ತೆಗೆದುಕೊಂಡು ಓಡುವನು. ಈ ಟಪ್ಪಾಲು ಕುದುರೆಯ ಟಪ್ಪಾಲಿಗಿಂತಲೂ ವೇಗದ್ದೆಂದು ಆತನ ಮತ. ಸಿಂಧಿನಿಂದ ದಿಲ್ಲಿಗೆ 50 ದಿನಗಳ ಪ್ರಯಾಣವಾದರೂ ಸುಲ್ತಾನನಿಗೆ ಬರೆದ ವರ್ತಮಾನವು ಟಪ್ಪಾಲಿನ ಮೂಲಕ 5 ದಿನಗಳಲ್ಲಿ ಮುಟ್ಟುತ್ತಿತ್ತಂತೆ.

ಇಷ್ಟು ವೇಗದಿಂದ ಓಡಿದವನ ಕೈಯಲ್ಲಿ ಹೊತ್ತನ್ನು ಹೇಳುವ ವಸ್ತು ಯಾವುದೂ ಇರಲಿಲ್ಲ. ಗಂಟೆಯಿತ್ತು, ಅದು ಅವನ ಬರವನ್ನು ಇತರರಿಗೆ ಸಾರುವುದೇ ಹೊರತು ಅವನಿಗೇನನ್ನೂ ಹೇಳುತ್ತಿರಲಿಲ್ಲ. ಇದಕ್ಕೆ ಒಂದು ಸ್ವಾಭಾವಿಕ ಕಾರಣವೂ ಉಂಟು. ನಮ್ಮ ಕಾಲಯಂತ್ರವು ಜಲಯಂತ್ರವಾಗಿತ್ತು. ಅಡಿಯಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನಿರ್ಮಲವಾದ ನೀರಿನ ಕುಂಡದಲ್ಲಿ ತೇಲಿಬಿಟ್ಟರೆ, ಅದು ಅಹೋರಾತ್ರದಲ್ಲಿ 60 ಸಲ ಮುಳುಗುವಂತಿರಬೇಕೆಂದು ಸೂರ್ಯಸಿದ್ಧಾಂತದಲ್ಲಿ ಕಪಾಲಯಂತ್ರದ ಲಕ್ಷಣವನ್ನು ಹೇಳಿದೆ. ವಿವಾಹಾದಿ ಮುಹೂರ್ತಗಳಲ್ಲಿ ನಮ್ಮ ಹಿರಿಯರು ಬಳಸುತ್ತಿದ್ದ ಗಳಿಗೆಬಟ್ಟಲು ಇದೇ. ಬಾಬರನು ಸಹ ಹಿಂದುಸ್ಥಾನದ ಊರುಗಳಲ್ಲಿ ಈ ಬಟ್ಟಲನ್ನೂ, ಗಳಿಗೆ ಕಳೆದಾಗ ಬಾರಿಸುವ ಹಿತ್ತಾಳೆಯ ಜಾಗಟೆಯನ್ನೂ ಕಂಡು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಈ ಯಂತ್ರಕ್ಕೆ ಬೇಕಾದ ಮೊದಲನೆಯ ಗುಣವು ನಿಶ್ಚಲತೆ. ನೀರು ಅಲುಗಾಡಿದರೆ ಲೆಕ್ಕ ಕೆಟ್ಟಿತು. ಆದುದರಿಂದ ಕುಳಿತವನು ಮಾತ್ರ ಹೊತ್ತನ್ನು ಅಳೆಯಬಲ್ಲವನಾಗಿದ್ದನು. ಓಡುವವನು ಅದನ್ನು ಹೊತ್ತು ಓಡಲಾರನು.

ಓಡುವವನಲ್ಲಿದ್ದ ಒಂದೇ ಕಾಲಯಂತ್ರವೆಂದರೆ ಅವನ ಉಸಿರು. ಆಶ್ಚರ್ಯವೇನೆಂದರೆ ಶಾಸ್ತ್ರದ ಕಾಲಗಣನೆಯೂ ಉಸಿರಿನಿಂದಲೇ ಆರಂಭವಾಗುವುದು. ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಒಂದು ಪ್ರಾಣ. ಆರು ಪ್ರಾಣಗಳಿಗೆ ಒಂದು ವಿಗಳಿಗೆ. ಅರುವತ್ತು ವಿಗಳಿಗೆಗಳಿಗೆ ಒಂದು ಗಳಿಗೆ. ಅರುವತ್ತು ಗಳಿಗೆಗಳಿಗೆ ಒಂದು ದಿನ. ಈ ಕ್ರಮದಿಂದ ದಿನವೊಂದಕ್ಕೆ 21,600 ಪ್ರಾಣಗಳು. ಈಗಿನ ಲೆಕ್ಕದಲ್ಲಿ ಪ್ರಾಣವೊಂದಕ್ಕೆ ಸರಿಯಾಗಿ 4 ಸೆಕೆಂಡು. ಸ್ವಸ್ಥನಾಗಿ ಕುಳಿತವನು ಒಂದು ಸಲ ಉಸಿರಾಡುವ ಹೊತ್ತು. ಓಡುವವನ ಉಸಿರಾದರೋ ಅದರ ಎರಡು ಮೂರು ಪಾಲು ತ್ವರೆಯದು. ಶಾಸ್ತ್ರದ ಪ್ರಾಣವೇ ಬೇರೆ, ಜಾಂಘಿಕನ ಪ್ರಾಣವೇ ಬೇರೆ ಎಂದಾಯಿತು. ತನ್ನ ಮೈಯೊಳಗಿನ ಯಂತ್ರವು ಲೋಕದ ಯಂತ್ರಕ್ಕಿಂತ ಮುಂದೆ ಓಡುತ್ತಿರುವಾಗ, ತಾನು ಬೇಗ ಬಂದೆನೋ ತಡವಾಗಿ ಬಂದೆನೋ ಎಂಬುದನ್ನು ಅವನು ಮತ್ತೊಬ್ಬನ ಬಾಯಿಂದಲೇ ಕೇಳಬೇಕಾಗಿತ್ತು.

ಮೈಸೂರು ಸೀಮೆಯಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪ್ಪಾಲು ಖಾತೆಯಲ್ಲಿ ವಿಲೀನವಾಗುವ ತನಕ ನಡೆಯಿತು. ಘಟ್ಟದ ಕೆಳಗಿನ ನಮ್ಮ ಕನ್ನಡ ಸೀಮೆಯು 1799ರಲ್ಲಿ ಕಂಪನಿಯ ವಶವಾಗಿ, 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ್ದರಿಂದ, ನಮ್ಮಲ್ಲಿ ಅಂಚೆಯೆಂಬುದಕ್ಕಿಂತ ಟಪ್ಪಾಲೆಂಬ ಮಾತೇ ಬಳಕೆಯಲ್ಲಿ ನಿಂತಿತು. ಓಟಗಾರನಿಗೆ ಫಾರಸಿಯಲ್ಲಿ ಹರ್ಕಾರಾ ಎಂದು ಹೆಸರು; ಎಲ್ಲ ಕೆಲಸಕ್ಕೂ ಒದಗುವವನೆಂದು ಅದರ ಅರ್ಥ. ಕನ್ನಡದಲ್ಲಿ ಅದು ಹರಿಕಾರನೆಂದಾಗಿ, ಈಗ ಮಹಾಪುರುಷರನ್ನು ಹೊಗಳುವ ಶಬ್ದವಾಗಿಬಿಟ್ಟಿದೆ. ಹೆಸರು ಮೇಲಕ್ಕೇರಿತು, ಹೆಸರಿನವನು ಮಾತ್ರ ಭರ್ಜಿ, ಗೆಜ್ಜೆ, ಚೀಲಗಳೊಡನೆ ದಾರಿಯಲ್ಲಿಯೇ ಉಳಿದನು.

1854ರ ಕಾಯಿದೆಯಿಂದ ಟಪ್ಪಾಲಿನ ರೀತಿಯಲ್ಲಿ ದೊಡ್ಡದೊಂದು ಮಾರ್ಪಾಟಾಯಿತು. ಕಾಲು ತೊಲೆಯ ಕಾಗದಕ್ಕೆ, ದೂರವೆಷ್ಟೇ ಇರಲಿ, ಅರ್ಧ ಆಣೆಯೆಂದು ಗೊತ್ತಾಯಿತು. ಕಾಗದ ಬರೆಯುವವನಿಗೆ ಇದು ಮಹೋಪಕಾರ. ಆದರೆ ಕೌಟಿಲ್ಯನ ಕಾಲದಿಂದ ಅಳತೆಗೋಲಾಗಿದ್ದ ದೂರವು ಬೆಲೆಯ ಲೆಕ್ಕದಿಂದ ಅಳಿದು ಹೋದುದರಿಂದ, ಕಾಗದ ಎಷ್ಟು ದೂರ ಹೋಯಿತೆಂದು ಕೇಳುವವರು ಇಲ್ಲವಾಗಿ, ಎಷ್ಟು ಹೊತ್ತಿಗೆ ಬಂದಿತೆಂದು ಕೇಳುವವರೇ ಎಲ್ಲರೂ ಆದರು. ಕುಮಟಾದ ಹತ್ತಿಯ ವ್ಯಾಪಾರವು ಪ್ರಬಲವಾಗಿದ್ದ ಆ ದಿನಗಳಲ್ಲಿ ಮುಂಬಯಿಯ ಧಾರಣೆಯನ್ನು ತಿಳಿಸುವ ಕಾಗದವು ಅರ್ಧ ದಿನ ತಡೆದರೂ ವರ್ತಕನಿಗೆ ನಷ್ಟವೇ. ಟಪ್ಪಾಲಿನ ಕಚೇರಿಯ ಗೋಡೆಗೆ ಗಡಿಯಾರ ಬಂದಿತು; ಚೀಲ ಬಂದ ಹೊತ್ತು, ಹೊರಟ ಹೊತ್ತುಗಳನ್ನು ಕಾಗದದಲ್ಲಿ ಬರೆಯುವುದು ಪದ್ಧತಿಯಾಯಿತು. 1898ರ ಕಾಯಿದೆಯ 49ನೆಯ ಕಲಮಿನಂತೆ, ಟಪ್ಪಾಲು ಹೊತ್ತವನು ದಾರಿಯಲ್ಲಿ ಕಾಲಹರಣ ಮಾಡಿದರೆ ಇಲ್ಲವೆ ವಿಳಂಬ ಮಾಡಿದರೆ 50 ರೂಪಾಯಿಗಳವರೆಗೆ ದಂಡ. 50ನೆಯ ಕಲಮಿನಂತೆ, ಅಪ್ಪಣೆಯಿಲ್ಲದೆ ಕೆಲಸ ಬಿಟ್ಟರೆ ಒಂದು ತಿಂಗಳವರೆಗೆ ಸೆರೆಮನೆ. ಈ ಕಾಯಿದೆಯು 2023ರ ಹೊಸ ಕಾಯಿದೆಯು ಜಾರಿಗೆ ಬಂದ 2024ರ ತನಕ ಬದುಕಿತ್ತೆಂಬುದು ನೆನಪಿಡತಕ್ಕದ್ದು.

ಈಗ ಭಟ್ಕಳದಿಂದ ಉತ್ತರಕ್ಕೆ ಹೊರಟ ಟಪ್ಪಾಲಿನ ಚೀಲವೊಂದನ್ನು ಮನಸ್ಸಿನಲ್ಲಿ ಹಿಂಬಾಲಿಸೋಣ. ಶಿರಾಲಿಯ ಬಳಿ ವೆಂಕಟಾಪುರದ ಹೊಳೆ, ಮುರ್ಡೇಶ್ವರ, ಮಂಕಿಗಳನ್ನು ದಾಟಿ ಕಾಸರಕೋಡಿಗೆ ಬಂದರೆ ಮುಂದೆ ಶರಾವತಿಯ ವಿಶಾಲವಾದ ಅಳಿವೆ, ಅದರಾಚೆ ಹೊನ್ನಾವರ. ಸೇತುವೆಗಳಿಲ್ಲದ ಕಾಲದಲ್ಲಿ ಇಲ್ಲಿ ತಾರಿಯ ದೋಣಿಯೇ ಗತಿ. ದೋಣಿಯು ಭರತ ಇಳಿತಗಳಿಗೆ ಅಧೀನ. ಭರತ ಇಳಿತಗಳು ಚಂದ್ರನಿಗೆ ಅಧೀನ. ಇಂದಿನ ಭರತವು ನಾಳೆ ಇದೇ ಹೊತ್ತಿಗೆ ಬಾರದು. ಸುಮಾರು 50 ನಿಮಿಷ, ಎಂದರೆ ಎರಡು ಗಳಿಗೆಗಿಂತ ತುಸು ಹೆಚ್ಚು, ಹಿಂದೆ ಬೀಳುವುದು. ಇದು ಅಂಬಿಗನಿಗೆ ತಿಥಿಯಿಂದ ಗೊತ್ತು. ಮೀನುಗಾರನಿಗೆ ಅನುಭವದಿಂದ ಗೊತ್ತು. ಕಚೇರಿಯ ಗಡಿಯಾರಕ್ಕೆ ಮಾತ್ರ ಗೊತ್ತಿಲ್ಲ. ಮೇಲಾಗಿ ಜ್ಯೇಷ್ಠದಿಂದ ಭಾದ್ರಪದದವರೆಗೆ ಸಮುದ್ರದ ಸಂಚಾರವು ನಿಂತು, ಹೊಳೆಗಳು ಕೆಂಪು ನೀರಿನಿಂದ ತುಂಬಿ ಹರಿಯುವಾಗ, ಓಟಗಾರನ ಕಾಲಿನ ಬಲಕ್ಕೂ ಚೀಲ ಮುಟ್ಟುವ ಹೊತ್ತಿಗೂ ಸಂಬಂಧವೇ ಇರಲಾರದು. ದಡದಲ್ಲಿ ದೋಣಿಗೆ ಕಾದ ಹೊತ್ತೂ ನಿದ್ರಿಸಿ ಕಳೆದ ಹೊತ್ತೂ ಆ ಕಾಗದದಲ್ಲಿ ಒಂದೇ ಅಂಕೆಯಾಗಿ ಕಾಣುವುವು. ನಾನು ಓಡಿದೆನು, ಹೊಳೆ ತಡೆಯಿತು ಎಂದು ಅವನು ಹೇಳಬಹುದು. ಆದರೆ ಆ ಮಾತಿಗೆ ಸಾಕ್ಷಿಯಾವುದು? ಗಡಿಯಾರವು ಎರಡು ತುದಿಗಳಲ್ಲಿತ್ತು. ನಡುವಿನ ದಾರಿಯಲ್ಲಿ ಇರಲಿಲ್ಲ. ಅವನ ಶ್ರಮವೆಲ್ಲ ನಡೆದುದು ಆ ನಡುವಿನಲ್ಲಿಯೇ.

ಗೋಡೆಯ ಗಡಿಯಾರವಾದರೂ ಈ ಊರಿನ ಸೂರ್ಯನನ್ನು ಅನುಸರಿಸಿತೇ ಎಂದರೆ ಅದೂ ಇಲ್ಲ. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಕಾಲಮಾನವೆಂದು ನಿಯಮವಾಯಿತು. ಮುಂಬಯಿಯ ಜನರು ಅದನ್ನೊಪ್ಪದೆ ತಮ್ಮ ನಗರದ ಕಾಲಮಾನವನ್ನು 1955ರ ತನಕ ಹಿಡಿದಿದ್ದರು. ಭಟ್ಕಳದ ಸೂರ್ಯನು ರಾಷ್ಟ್ರೀಯ ಕಾಲಮಾನಕ್ಕಿಂತ ಸುಮಾರು 32 ನಿಮಿಷ, ಎಂದರೆ ಒಂದು ಗಳಿಗೆ ಇಪ್ಪತ್ತು ವಿಗಳಿಗೆಯಷ್ಟು, ಹಿಂದೆ ಇರುವನು. ಸೂರ್ಯನ ಎತ್ತರವನ್ನು ನೋಡಿ ಹೊತ್ತನ್ನು ಹೇಳಬಲ್ಲ ಓಟಗಾರನ ವಿದ್ಯೆಯೂ ಇದರಿಂದ ಕಚೇರಿಯಲ್ಲಿ ನಡೆಯದ ನಾಣ್ಯವಾಯಿತು.

ದಾರಿಯಲ್ಲಿ ಗಡಿಯಾರವನ್ನು ಒಯ್ಯುವ ಪದ್ಧತಿಯು ಇಂಗ್ಲಂಡಿನಲ್ಲಿ ಉಂಟಾಗಿತ್ತು. ಅಲ್ಲಿ 1784ರಲ್ಲಿ ಟಪ್ಪಾಲಿನ ಸಾರೋಟುಗಳು ಆರಂಭವಾದ ಮೇಲೆ, ಕಾವಲುಗಾರನ ಬಳಿ ಸರಕಾರದ ಗಡಿಯಾರವೊಂದನ್ನು ಕೊಡುತ್ತಿದ್ದರು. ಆದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ! ಹೊತ್ತನ್ನು ಹೊರುವವನು ಹೊತ್ತನ್ನು ಮುಟ್ಟಬಾರದೆಂಬುದೇ ಅದರ ತಾತ್ಪರ್ಯ. ಅವನು ನೋಡಬಹುದು, ತಿದ್ದಲಾರನು. ಯಂತ್ರವು ದಾರಿಗೆ ಬಂದರೂ ಅದು ಹೊತ್ತವನ ಸಾಕ್ಷಿಯಾಗದೆ ಧಣಿಯ ಸಾಕ್ಷಿಯಾಗಿಯೇ ಉಳಿಯಿತು.

ಅದೇ ದೇಶದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಒಂದುಂಟು. ಲಂಡನ್ ನಗರದ ಗಡಿಯಾರ ವ್ಯಾಪಾರಿಗಳಿಗೆ ಸರಿಯಾದ ಹೊತ್ತನ್ನು ಒಯ್ದು ಕೊಡುವ ಕೆಲಸವನ್ನು ಬೆಲ್ವಿಲ್ ಎಂಬ ಕುಟುಂಬವು 1836ರಿಂದ ಮಾಡುತ್ತಿತ್ತು. ತಂದೆಯ ತರುವಾಯ ತಾಯಿ, ತಾಯಿಯ ತರುವಾಯ 1892ರಿಂದ ಮಗಳಾದ ರೂಥ್ ಬೆಲ್ವಿಲ್. ಈ ಮಹಿಳೆಯು ಗ್ರೀನ್‌ವಿಚ್ ವೇಧಶಾಲೆಗೆ ಹೋಗಿ, ತನ್ನ ಗಡಿಯಾರವು ಎಷ್ಟು ಮುಂದೆ ಅಥವಾ ಹಿಂದೆ ಇದೆಯೆಂದು ಬರೆಸಿಕೊಂಡು, ಬಳಿಕ ಅಂಗಡಿ ಅಂಗಡಿಗೆ ತಿರುಗಿ ಹೊತ್ತನ್ನು ತೋರಿಸಿ ಜೀವಿಸುತ್ತಿದ್ದಳು. ಆ ಗಡಿಯಾರವನ್ನು 1794ರಲ್ಲಿ ಜಾನ್ ಅರ್ನಾಲ್ಡ್ ಎಂಬ ಪ್ರಸಿದ್ಧ ಕುಶಲಿಯು ಮಾಡಿದ್ದನು. ಅವಳು ಅದನ್ನು ಅರ್ನಾಲ್ಡ್ ಎಂದೇ ಕರೆಯುತ್ತಿದ್ದಳು. ತಂತಿಯ ಸಂಕೇತ ಬಂದಿತು, ಆಕಾಶವಾಣಿಯ ಸಂಕೇತ ಬಂದಿತು. ಅವಳು 1940ರವರೆಗೂ, ಎಂಬತ್ತು ದಾಟಿದ ಪ್ರಾಯದಲ್ಲಿ, ಅದೇ ಗಡಿಯಾರದೊಡನೆ ನಡೆದಳು. ಇಲ್ಲಿ ನಾವು ಕಲಿಯತಕ್ಕ ವಿಷಯವೊಂದಿದೆ. ಅರ್ನಾಲ್ಡ್ ದೋಷರಹಿತವಾದ ಯಂತ್ರವಾಗಿರಲಿಲ್ಲ. ಅದರ ದೋಷವು ಎಷ್ಟೆಂಬುದು ಗೊತ್ತಿದ್ದುದರಿಂದ ಅದು ವಿಶ್ವಾಸಾರ್ಹವಾಗಿತ್ತು. ಹಡಗಿನ ನಾವಿಕರೂ ತಮ್ಮ ಗಡಿಯಾರದ ದೈನಂದಿನ ತಪ್ಪನ್ನು ಬರೆದಿಟ್ಟುಕೊಂಡೇ ಸಾಗರವನ್ನು ದಾಟಿದರು. ನಂಬಿಕೆಯೆಂದರೆ ತಪ್ಪಿಲ್ಲದಿರುವುದಲ್ಲ, ತಪ್ಪು ತಿಳಿದಿರುವುದು, ಆ ತಪ್ಪು ದಿನದಿನಕ್ಕೆ ಬದಲಾಗದಿರುವುದು. ಹಳೆಯ ಗೆಳೆಯರ ವಿಷಯದಲ್ಲಿಯೂ ಹೀಗೆಯೇ ಅಲ್ಲವೇ?

ಓಡುವವನು ಗಡಿಯಾರವನ್ನು ತನ್ನ ಕೈಗೆ ತೆಗೆದುಕೊಂಡುದು ಲೋಕಪ್ರಸಿದ್ಧವಾದುದು ಫಿನ್‌ಲ್ಯಾಂಡಿನ ಪಾವೋ ನುರ್ಮಿಯಿಂದ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಶಾಲೆ ಬಿಟ್ಟು, ರೊಟ್ಟಿಯಂಗಡಿಯ ಆಳುಹುಡುಗನಾಗಿ ತುರ್ಕು ಪಟ್ಟಣದ ದಿಣ್ಣೆಗಳಲ್ಲಿ ಕೈಗಾಡಿಯನ್ನು ನೂಕಿದವನು ಇವನು. ಎಂದರೆ ಇವನೂ ಒಂದು ಬಗೆಯ ಹರಿಕಾರನೇ. 1924ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದೇ ದಿನ 1500 ಮೀಟರಿನ ಓಟವನ್ನು ಗೆದ್ದು, ಸುಮಾರು ಒಂದು ಗಂಟೆಯೊಳಗೆ 5000 ಮೀಟರಿನ ಓಟಕ್ಕೆ ನಿಂತು ಅದನ್ನೂ ಗೆದ್ದನು. ಅಂಗೈಯಲ್ಲಿ ಗಡಿಯಾರವನ್ನು ಹಿಡಿದು, ಸುತ್ತು ಸುತ್ತಿಗೂ ಅದನ್ನು ನೋಡುತ್ತ ಓಡುವುದು ಅವನ ಕ್ರಮ. ಪಕ್ಕದವನು ಮುಂದೆ ಹೋದನೋ ಹಿಂದೆ ಬಿದ್ದನೋ ಎಂಬ ಚಿಂತೆ ಅವನಿಗಿರಲಿಲ್ಲ; ಅವನ ಸಂವಾದವೆಲ್ಲ ತನ್ನ ಗಡಿಯಾರದೊಡನೆ. ಕೊನೆಯ ಸುತ್ತಿಗೆ ಬಂದಾಗ ಅದನ್ನು ಹುಲ್ಲಿನ ಮೇಲೆಸೆದು ಮುಂದೆ ಓಡಿದನೆಂಬುದು ಜನಜನಿತ. ಬೀಗದ ಪೆಟ್ಟಿಗೆಯಿಂದ ಓಟಗಾರನ ಅಂಗೈಗೆ ಹೊತ್ತು ಬಂದು ಸೇರಲು ಇಷ್ಟು ಕಾಲ ಹಿಡಿಯಿತು.

ನಮ್ಮ ನಾಡಿನಲ್ಲಿ ಗಡಿಯಾರವು ಮೊದಲು ಅರಸರ ಕುತೂಹಲದ ವಸ್ತುವಾಗಿತ್ತು. ಬಳಿಕ ಅದು ಕಚೇರಿಯ, ವಕೀಲರ, ಧನಿಕರ ವಸ್ತುವಾಯಿತು. ಸಾಮಾನ್ಯ ಗೃಹಸ್ಥನ ಮಣಿಕಟ್ಟಿಗೆ ಅದು ಬಂದುದು ಬೆಂಗಳೂರಿನಿಂದ. 1953ರಲ್ಲಿ ಅಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು, ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಕೈಗಡಿಯಾರಗಳ ನಿರ್ಮಾಣವನ್ನು ಆರಂಭಿಸಿತು. ಎಚ್. ಎಂ. ಟಿ. ಎಂಬ ಮೂರಕ್ಷರವು ಮನೆಮಾತಾಯಿತು. ಪರೀಕ್ಷೆ ತೇರ್ಗಡೆಯಾದ ಮಗನಿಗೆ, ಮದುವೆಯಾಗುವ ಅಳಿಯನಿಗೆ ಅದೇ ಉಡುಗೊರೆ. ಅವುಗಳಲ್ಲಿ ಜನತಾ ಎಂಬುದು ಹೆಸರಿಗೆ ತಕ್ಕಂತೆ ಜನರದೇ ಆಯಿತು. ದಿನಕ್ಕೊಮ್ಮೆ ಚಾವಿ ಕೊಟ್ಟರೆ ಸಾಕು. ಬೇರೆ ಆಹಾರವನ್ನು ಬೇಡದು. ಅದರೊಳಗಿನ ಚಕ್ರವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಮಿಡಿಯುವುದು. ಶಾಸ್ತ್ರದ ಪ್ರಾಣವೊಂದಕ್ಕೆ 20 ಮಿಡಿತಗಳಾದವು. ಅಹೋರಾತ್ರದ ಲೆಕ್ಕವನ್ನು ಹಾಕಿದರೆ 4,32,000. ಇದು ನಮ್ಮ ಪಂಚಾಂಗಗಳಲ್ಲಿ ಕಲಿಯುಗಕ್ಕೆ ಹೇಳಿರುವ ವರ್ಷಗಳ ಸಂಖ್ಯೆಯೇ ಆಗಿದೆ. ಇದು ಅಂಕೆಗಳ ಆಕಸ್ಮಿಕವಾದ ಕೂಟವೇ ಸರಿ. ಆದರೂ ಯುಗವೊಂದನ್ನು ದಿನಕ್ಕೊಮ್ಮೆ ಎಣಿಸಿ ಮುಗಿಸುವ ಯಂತ್ರವು ಬಡ ಗೃಹಸ್ಥನ ಕೈಯಲ್ಲಿತ್ತೆಂಬುದು ಸಂತೋಷದ ಮಾತು.

ಆಮೇಲೆ ಸ್ಫಟಿಕದ ಗಡಿಯಾರಗಳು ಬಂದವು. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಮುಂದೆ ಐದು ಮಿಡಿತದ ಯಂತ್ರವು ನಿಖರತೆಯಲ್ಲಿ ಸೋತಿತು. ಬೆಂಗಳೂರಿನ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಈಗ ಓಟವನ್ನು ಸೆಕೆಂಡಿನ ನೂರನೆಯ ಪಾಲಿನವರೆಗೆ ಅಳೆಯುತ್ತಾರೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ದೂರದೂರದ ಜನರು ಅದನ್ನು 100 ಮೀಟರಿಗೆ ಇಳಿಸಿ, ಜಗತ್ತಿನ ಅತಿ ವೇಗದ ಓಟಗಾರನೊಡನೆ ಹೋಲಿಸಿದರು. ಗೌಡರಾದರೋ ಆ ಹೋಲಿಕೆಯನ್ನೊಪ್ಪದೆ ಕೋಣಗಳ ಪಾಲನ್ನು ಕೋಣಗಳಿಗೆ ಕೊಟ್ಟರು. ಹೊರಗಿನ ಗಡಿಯಾರವು ಅಂಕೆಯನ್ನು ಹೇಳಬಲ್ಲದು. ಅಂಕೆಯೊಳಗೆ ಯಾರ ಪಾಲೆಷ್ಟು, ಕೆಸರಿನ ಪಾಲೆಷ್ಟು, ಹೊಳೆಯ ಪಾಲೆಷ್ಟು ಎಂಬುದನ್ನು ಓಡಿದವನೇ ಹೇಳಬೇಕು.

ಓಟಗಾರನು ತನ್ನ ಹಳೆಯ ಗಡಿಯಾರವನ್ನು ಏಕೆ ಬಿಡಲೊಲ್ಲನೆಂಬುದು ಇದರಿಂದ ಸ್ಪಷ್ಟವಾಗಬಹುದು. ಅವನಿಗೆ ಅದು ನಿಖರತೆಯ ಯಂತ್ರವಲ್ಲ. ನಡುದಾರಿಯಲ್ಲಿ ತನ್ನೊಡನಿದ್ದ ಏಕೈಕ ಸಾಕ್ಷಿ ಅದು. ಬೆವರನ್ನು ಅದು ಕುಡಿದಿದೆ, ಮಳೆಯಲ್ಲಿ ನೆನೆದಿದೆ, ಚೆನ್ನಾಗಿ ಓಡಿದ ದಿನವನ್ನೂ ಕುಂಟಿದ ದಿನವನ್ನೂ ಒಂದೇ ಮುಖದಿಂದ ನೋಡಿದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುವುದಾದರೆ ಅದೂ ಅವನಿಗೆ ಗೊತ್ತು. ಅವನ ಪೂರ್ವಿಕನಾದ ಟಪ್ಪಾಲಿನ ಓಟಗಾರನಿಗೆ ಇಂಥದೊಂದು ಸಾಕ್ಷಿಯಿದ್ದಿದ್ದರೆ, ಕಾಸರಕೋಡಿನ ದಡದಲ್ಲಿ ಕಳೆದ ಗಳಿಗೆಗಳಿಗೆ ಅವನು ದಂಡ ತೆರಬೇಕಾಗುತ್ತಿರಲಿಲ್ಲ.

ಆ ಓಟಗಾರರು ಬರೆದಿಟ್ಟುದು ಏನೂ ಇಲ್ಲ. ಅವರ ವಿಷಯವಾಗಿ ಕಾಗದದಲ್ಲಿ ಉಳಿದುದೆಂದರೆ ಬಂದ ಹೊತ್ತು, ಹೊರಟ ಹೊತ್ತುಗಳ ಅಂಕೆಗಳು ಮತ್ತು ದಂಡದ ಕಲಮುಗಳು. ಆದುದರಿಂದ ನಮ್ಮ ತಾಲೂಕುಗಳ ಮನೆಗಳಲ್ಲಿ ಅಟ್ಟದ ಮೇಲೆಯೋ ದೇವರ ಕೋಣೆಯ ಮೂಲೆಯಲ್ಲಿಯೋ ಗಳಿಗೆಬಟ್ಟಲೊಂದು, ಗೆಜ್ಜೆ ಕಟ್ಟಿದ ಕೋಲೊಂದು, ನಿಂತುಹೋದ ಜನತಾ ಗಡಿಯಾರವೊಂದು ದೊರೆತರೆ, ಅದನ್ನು ಹಳೆಯ ಸಾಮಾನಿನವನಿಗೆ ತೂಗಿ ಕೊಡುವ ಮುನ್ನ, ಅದು ಯಾರದು, ಯಾವ ದಾರಿಯಲ್ಲಿ ಯಾರೊಡನೆ ನಡೆದಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದಿಡಬೇಕೆಂದು ವಾಚಕರಲ್ಲಿ ಪ್ರಾರ್ಥನೆ. ಬಟ್ಟಲು ಒಡೆಯದು, ಗಡಿಯಾರಕ್ಕೆ ಮತ್ತೆ ಚಾವಿ ಕೊಡಬಹುದು. ಹೇಳುವ ಹಿರಿಯರ ಉಸಿರಿಗೆ ಮಾತ್ರ ಲೆಕ್ಕವುಂಟು.